ಹಳೇ ಗ್ಯಾಸು

ಅಪ್ಪನಿಗೆ ಅನುಮಾನ ಹುಟ್ಟಿನಿಂದಲೇ ಬಂದದ್ದೋ, ರೈಲ್ವೆಯ ಪಾರ್ಸೆಲ್ ಆಫೀಸಿನಲ್ಲಿ ಅಂಟಿದ್ದೋ ಗೊತ್ತಿಲ್ಲ. ಅಡುಗೆಯ ಸಿಲಿಂಡರ್ ಬಂದರೆ, ತಂದವನು ಮೆಟ್ಟಿಲಿಳಿಯುವ ಮೊದಲೇ ಅದರ ಬಾಯಿಗೆ ಸೋಪಿನ ನೀರು ಹಚ್ಚಿ, ಗುಳ್ಳೆ ಏಳುತ್ತದೆಯೇ ಎಂದು ಕಣ್ಣಿಟ್ಟು ಕೂರುತ್ತಿದ್ದರು. ನಾನೂ ಅವರ ಮಗಳೇ, ಯಾರನ್ನೂ ಸುಲಭಕ್ಕೆ ನಂಬುವವಳಲ್ಲ.

ನುಂಗಂಬಾಕ್ಕಂನ ನಮ್ಮ ಬಾಡಿಗೆ ಮನೆಗೆ ಕಿಟಕಿ ಏಸಿ ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಅಮ್ಮನ ಹೃದಯದ ಆಪರೇಷನ್ ಆದ ಮೇಲೆ. ಸೆಕೆ ಏರಿದರೆ ಅವಳಿಗೆ ಉಸಿರು ಸಿಕ್ಕುತ್ತಿರಲಿಲ್ಲ. ಕೋಣೆ ತಂಪಾಗಿರಲೇಬೇಕು ಎಂದಿದ್ದರು ಡಾಕ್ಟರು. ಆ ಏಸಿಯೋ, ಸರಿಯಾಗಿ ಏಪ್ರಿಲ್ ಬಂತೆಂದರೆ ಕೈಕೊಡುತ್ತಿತ್ತು. ಅಮ್ಮ ದಿಂಬಿಗೆ ಒರಗಿ ಬಾಯಿ ತೆರೆದು ಉಸಿರಾಡುವುದನ್ನು ನೋಡಿದರೆ ನನಗೆ ಭಯವಾಗುತ್ತಿತ್ತು.

ರಾಯಪುರಂನಿಂದ ಮೆಕ್ಯಾನಿಕ್ ಬರುತ್ತಿದ್ದ. "ಗ್ಯಾಸ್ ಕಮ್ಮಿ ಆಯಿಡ್ಚು ಸಾರ್" ಎಂದು ತಮಿಳಿನಲ್ಲಿ ಹೇಳಿ, ಇರುವುದರ ಮೇಲೆ ಒಂದಿಷ್ಟು ತುಂಬಲು ಹೊರಡುತ್ತಿದ್ದ. ಅಪ್ಪ ಒಪ್ಪಬೇಕಲ್ಲ!

ನಮ್ಮ ವೈಷ್ಣವರ ಅಡುಗೆಮನೆಯಲ್ಲಿ ನಿನ್ನೆಯ ನೀರು ಇವತ್ತಿಗೆ ಸಲ್ಲದು. ಬೆಳಿಗ್ಗೆ ಮಡಿಯುಟ್ಟ ಅಮ್ಮ ಕೊಡದಲ್ಲಿ ಉಳಿದದ್ದನ್ನು ಕರಿಬೇವಿನ ಗಿಡಕ್ಕೆ ಸುರಿದು, ಕೊಡ ತೊಳೆದು, ಹೊಸ ನೀರು ತುಂಬುವಳು. ಅಪ್ಪ ಅದೇ ನಿಯಮವನ್ನು ಏಸಿಗೂ ಹಾಕಿದರು.

"ಹಳೇದ್ರ ಮೇಲೆ ಹೊಸದು ಬೆರೆಸಿದ್ರೆ ಎಲ್ಲಾ ಹಳೇದೇ ಆಗತ್ತೆ. ಇವನು ಅರ್ಧಂಬರ್ಧ ತುಂಬಿ ನಮ್ಮ ಕಿವಿಗೆ ಹೂವಿಡ್ತಾನೆ, ನೋಡ್ತಿರು" ಎಂದು ನನಗೆ ಹೇಳಿ, ಇದ್ದದ್ದನ್ನೆಲ್ಲ ಹೊರಬಿಡುವಂತೆ ಅವನಿಗೆ ತಮಿಳಿನಲ್ಲಿ ತಾಕೀತು ಮಾಡುತ್ತಿದ್ದರು. ಕಿಟಕಿಯಿಂದ ಕಳಚಿ ಬಾಲ್ಕನಿಗೆ ತಂದಿಟ್ಟ ಏಸಿಯ ಪೈಪು 'ಸುಸ್' ಎನ್ನುತ್ತಿತ್ತು. ಅಪ್ಪ ಅದಕ್ಕೆ ಅಂಗೈ ಒಡ್ಡಿ, ಸದ್ದು ಪೂರ್ತಿ ನಿಲ್ಲುವವರೆಗೂ ಕದಲುತ್ತಿರಲಿಲ್ಲ.

ಆ ಗ್ಯಾಸು ಮೇಲೇರಿ, ಬಿಸಿಲಿನ ಕೆಟ್ಟ ಕಿರಣಗಳನ್ನು ತಡೆಯುವ ಓಝೋನ್ ಪದರವನ್ನು ತಿನ್ನುತ್ತದೆ, ಭೂಮಿಯನ್ನು ಇನ್ನಷ್ಟು ಕಾಯಿಸುತ್ತದೆ ಎಂದು ಒಮ್ಮೆ ಪೇಪರಿನಲ್ಲಿ ಬಂತು. ನಾನು ಅಪ್ಪ ಅಮ್ಮನಿಗೆ ಓದಿ ಹೇಳಿದೆ. "ಹೊಸ ಮೆಷೀನ್ ಮಾರಕ್ಕೆ ಕಟ್ಟಿರೋ ಕತೆ" ಎಂದರು ಅಪ್ಪ. ಅದೇ ಪುಟದ ಕೆಳಗೆ ಏಸಿಯ ದೊಡ್ಡ ಜಾಹೀರಾತಿತ್ತು. ನನಗೂ ಅಪ್ಪನ ಮಾತೇ ಸರಿಯೆನ್ನಿಸಿತು. ವಾಸನೆಯಿಲ್ಲ, ಬಣ್ಣವಿಲ್ಲ, ಯಾರು ಕಂಡಿದ್ದಾರೆ?

ಆಮೇಲೆ ಊರಿಗೆಲ್ಲ ನೀರಿನ ಬರ ಬಂತು. ಬೀದಿಗೆ ಲಾರಿ ಬಂದರೆ ಪ್ಲಾಸ್ಟಿಕ್ ಕೊಡಗಳ ನೂಕುನುಗ್ಗಲು. ಅಮ್ಮ ನಿನ್ನೆಯ ನೀರನ್ನು ಚೆಲ್ಲುವುದು ಬಿಟ್ಟಳು. "ದೇವ್ರಿಗೂ ನಮ್ಮ ಕಷ್ಟ ಗೊತ್ತಾಗತ್ತೆ ಬಿಡೇ" ಎಂದಳು. ಅಪ್ಪ ಮಾತ್ರ ಆ ಬೇಸಿಗೆಯಲ್ಲೂ ಹಳೆಯ ಗ್ಯಾಸನ್ನು ಚೆಲ್ಲಿಸಿಯೇ ಹೊಸದು ತುಂಬಿಸಿದರು.

ತುಂಬಿಸಿ ಮುಗಿದು ಮೆಕ್ಯಾನಿಕ್ ಟೀ ಕುಡಿಯಲು ಹೋದ. ಅವನು ಪೈಪಿನ ಬಾಯಿ ಸರಿಯಾಗಿ ಮುಚ್ಚಿಲ್ಲವೆಂಬ ಅನುಮಾನ ಅಪ್ಪನಿಗೆ. ಏಸಿ ಇನ್ನೂ ಬಾಲ್ಕನಿಯಲ್ಲೇ ಇತ್ತು. ಸೋಪಿನ ನೀರು ಕಲಸಿ ತಂದು ತಾಮ್ರದ ಪೈಪಿಗೆ ಹಚ್ಚಿದರು. ಗ್ಯಾಸು ತುಂಬಲೆಂದು ಹಿಂದೆ ಒಂದು ಚಿಕ್ಕ ಪೈಪು ಕೂಡಿಸಿದ್ದ ಬೆಸುಗೆಯ ಬಳಿ ಸಾಸಿವೆಯಷ್ಟು ಗುಳ್ಳೆ ಎದ್ದಿತು. ಒಡೆಯಿತು. ಮತ್ತೆ ಎದ್ದಿತು.

"ನೋಡಿದ್ಯಾ! ವರ್ಷವರ್ಷ ಇಲ್ಲೇ ಸೋರ್ತಿದೆ!" ಅಪ್ಪನ ಮುಖ ಗೆದ್ದವರದು.

ಮೆಕ್ಯಾನಿಕ್ ಬಂದು ನೋಡಿದ. ಬೆಸುಗೆ ಹಾಕಬಹುದು, ಆದರೆ ಈಗ ತುಂಬಿದ್ದನ್ನೆಲ್ಲ ಮತ್ತೆ ಹೊರಬಿಡಬೇಕು ಎಂದ. ಅದನ್ನು ಸಿಲಿಂಡರಿನಲ್ಲಿ ಹಿಡಿದಿಡಲು ಬರುವುದಿಲ್ಲವೇ ಎಂದು ಕೇಳಿದೆ. ಅದಕ್ಕೆ ಬೇರೆ ಮೆಷೀನ್ ಬೇಕು, ತನ್ನ ಹತ್ತಿರ ಇಲ್ಲವೆಂದ. ಮತ್ತೆ 'ಸುಸ್'. ಈ ಸಲ ಅಪ್ಪ ಅಂಗೈ ಒಡ್ಡಲಿಲ್ಲ. ಮೆಕ್ಯಾನಿಕ್ ಬೆಸುಗೆ ಹಾಕಿ, ಮತ್ತೆ ಹೊಸ ಗ್ಯಾಸು ತುಂಬಿದ.

ಮುಂದಿನ ಏಪ್ರಿಲ್ ಬಂತು, ಮೇ ಬಂತು. ಕೋಣೆ ತಣ್ಣಗಿತ್ತು. ಅಮ್ಮ ಮಗ್ಗುಲಾಗಿ ನೆಮ್ಮದಿಯಿಂದ ನಿದ್ದೆ ಹೋಗುತ್ತಿದ್ದಳು. ಅಪ್ಪ ದಿನವೂ ಏಸಿಯ ಮುಂದೆ ಕೈಯಿಟ್ಟು ಪರೀಕ್ಷಿಸುವರು. ಹೋದ ವರ್ಷ ತುಂಬಿಸಿದ ಅದೇ ಗ್ಯಾಸು, ಕೆಟ್ಟಿರಲಿಲ್ಲ.

"ಹಾಗಾದ್ರೆ ಹಳೇದಾಗಲ್ವಾ ಅದು?" ಅಮ್ಮ ಹಾಸಿಗೆಯಿಂದಲೇ ಕೇಳಿದಳು.

"ಆಗಲ್ಲ ಅಂತ ಕಾಣತ್ತೆ" ಎಂದರು ಅಪ್ಪ.

ಅಮ್ಮ ಕಿಟಕಿಯಾಚೆಯ ಬಿಸಿಲನ್ನು ನೋಡಿದಳು. "ನಾನು ಚೆಲ್ಲಿದ್ದು ಕರಿಬೇವಿಗಾದ್ರೂ ಹೋಯ್ತು. ನೀವು ನನಗೋಸ್ಕರ ಚೆಲ್ಲಿಸಿದ್ದೆಲ್ಲ ಯಾರ ತಲೆ ಮೇಲೆ ಹೋಯ್ತು ಅಂತೀರಾ?" ಎಂದಳು.

ಎಲ್ಲರನ್ನೂ ಪ್ರಶ್ನೆ ಕೇಳುತ್ತಲೇ ಬಾಳಿದ ಅಪ್ಪ ಎದ್ದು ಹೋಗಿ ಏಸಿ ಆರಿಸಿ, ಬೀಸಣಿಗೆ ತಂದು ಅವಳ ಪಕ್ಕದಲ್ಲಿ ಕೂತು ಬೀಸತೊಡಗಿದರು.