ಬೋರೆಗೆ ಹೊಡೆದ ಔಷಧಿ

ಕಾಫಿ ಸೀಮೆಯಲ್ಲಿ ಹುಟ್ಟಿದವರಿಗೆ ಒಂದು ರೋಗವಿದೆ. ಖಾಲಿ ನೆಲ ಕಂಡರೆ ಕೈ ಸುಮ್ಮನಿರುವುದಿಲ್ಲ, ಕಾಫಿಗೆ ನೆರಳಾಗುವ ಸಿಲ್ವರ್ ಓಕ್ ಗಿಡ ಒಂದನ್ನಾದರೂ ನೆಟ್ಟೇ ತೀರಬೇಕು. ಬೆಳಗೋಡಿನ ಕಡೆಯ ನನ್ನ ತವರಿನಲ್ಲಿ ಬೇಲಿಸಾಲು, ದಾರಿಬದಿ, ಎಲ್ಲಿಯೂ ಬಿಟ್ಟಿರಲಿಲ್ಲ. ತೋಟದಲ್ಲಿ ಹುಲ್ಲು ಚಿಗುರಿದರೆ ಅದು ಕಳೆ, ಕಳೆಗೆ ಔಷಧಿ ಹೊಡೆಯುವುದು. ಇದರಲ್ಲಿ ಯೋಚಿಸುವಂಥದ್ದೇನಿದೆ ಎಂದುಕೊಂಡೇ ಬೆಳೆದೆ.

ಮದುವೆಯಾಗಿ ಬಂದದ್ದು ಕೆ. ಹೊಸಕೋಟೆ ಹೋಬಳಿಯ ಒಣ ಮಗ್ಗುಲಿಗೆ. ಮನೆಯ ಹಿಂದೆ ನಮ್ಮ ಬೋರೆ, ಅಂದರೆ ನೇಗಿಲು ಕಾಣದ ಎತ್ತರದ ಹುಲ್ಲು ನೆಲ. ಅಲ್ಲೊಂದು ಜಾಲಿ, ಇಲ್ಲೊಂದು ನೆಲ್ಲಿ, ಮಿಕ್ಕಂತೆ ಸೊಂಟದೆತ್ತರದ ಹುಲ್ಲು. ಬೇಸಿಗೆಯಲ್ಲಿ ಪೂರ್ತಿ ಹಳದಿ. ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಸುತ್ತಲಿನವರು ತಮ್ಮ ಬೋರೆಗಳನ್ನೆಲ್ಲ ಶುಂಠಿಗೆ, ಜೋಳಕ್ಕೆ ಉತ್ತುಬಿಟ್ಟಿದ್ದರು, ಉಳಿದದ್ದು ನಮ್ಮದೊಂದೇ. ಅತ್ತೆ ಆ ಹುಲ್ಲನ್ನು ಕೊಯ್ದು ಮೆದೆ ಹಾಕಿ, ತಮ್ಮ ಒಂದೇ ಒಂದು ಹಸುವನ್ನು ವರ್ಷವಿಡೀ ಸಾಕುತ್ತಿದ್ದರು. ಅವರು ದಿನಕ್ಕೆ ಎರಡು ಮಾತಾಡಿದರೆ ಒಂದು ಹಸುವಿನ ಜೊತೆ.

ಮಳೆಗಾಲದಲ್ಲಿ ಅಣ್ಣ ತವರಿನಿಂದ ಫೋನ್ ಮಾಡುತ್ತಿದ್ದ. "ಮಳೆ ಬಿಡ್ತಾನೇ ಇಲ್ಲ ಮಾರಾಯ್ತಿ, ಸಾಕಾಗೋಗೈತೆ." ರೇಗಿ ಫೋನ್ ಇಟ್ಟುಬಿಡುತ್ತಿದ್ದೆ. ಇಲ್ಲಿ ಮೋಡ ಬರುತ್ತದೆ, ಕಪ್ಪಾಗುತ್ತದೆ, ಒಣಹಾಕಿದ ಬಟ್ಟೆ ಎತ್ತಿಕೊಂಡು ನಾವು ಒಳಗೋಡುವಂತೆ ಮಾಡಿ ಮುಂದೆ ಹೋಗುತ್ತದೆ. ಮರವಿದ್ದರೆ ಮಳೆ ಎಂದು ಶಾಲೆಯಲ್ಲಿ ಕಲಿತವಳು ನಾನು. ಒಂದು ಆಷಾಢದಲ್ಲಿ ಜೀಪು ತುಂಬ ಸಿಲ್ವರ್ ಗಿಡ ತರಿಸಿ ಬೋರೆಯ ತುಂಬ ನೆಡಿಸಿದೆ.

ಅತ್ತೆ ಬೇಲಿಯ ಹತ್ತಿರ ನಿಂತು ನೋಡಿದರು. "ಹುಲ್ಲು ಬರ್ತೈತೇನವ್ವ ಅದ್ರಡೀಲಿ?"

"ಕಳೆ ಹೋದ್ರೆ ಗಿಡ ಏಳ್ತವೆ ಅತ್ತೆ. ಗಿಡ ಎದ್ರೆ ಮಳೆ ಬರ್ತದೆ. ಆಮೇಲೆ ಹುಲ್ಲಿಗೇನು ಬರ?" ಎಂದೆ. ಎಂಥ ಜಾಣೆ!

ಔಷಧಿಯ ಕ್ಯಾನು ಬೆನ್ನಿಗೇರಿಸಿಕೊಂಡು ನಾನೇ ಹೊಡೆದೆ. ಗಿಡದ ಬುಡಕ್ಕಷ್ಟೇ ಹೊಡೆದು ಬರಬಹುದಿತ್ತು. ಚೊಕ್ಕಟವಾಗಿರಲಿ ಎಂದು ಇಡೀ ಬೋರೆಗೆ ಹೊಡೆದೆ. ಹುಲ್ಲೆಲ್ಲ ಸತ್ತು ಕೆಂಪು ನೆಲ ಕಂಡಾಗ ಅಣ್ಣನಿಗೆ ಫೋಟೊ ಕಳಿಸಿದೆ, ನಮ್ಮ ತೋಟದ ಹಾಗೇ ಇದೆ ನೋಡು ಎಂದು. ನೆನೆದರೆ ಈಗ ನಾಚಿಕೆಯಾಗುತ್ತದೆ.

ಬರಬೇಕಾದ ವಾರಗಳಲ್ಲಿ ಬಾರದ ಮಳೆ ಒಂದು ಮಧ್ಯಾಹ್ನ ಎಲ್ಲ ಸೇರಿಸಿ ಸುರಿಯಿತು. ಮಣ್ಣು ಹಿಡಿಯಲು ಹುಲ್ಲಿನ ಬೇರಿರಲಿಲ್ಲ. ಹಸು ನೀರು ಕುಡಿಯುತ್ತಿದ್ದ ಕೆಳಗಿನ ಕಟ್ಟೆ ಆ ಒಂದೇ ಮಳೆಗೆ ಹೂಳು ತುಂಬಿಕೊಂಡಿತು. ಶಿವರಾತ್ರಿಯ ಹೊತ್ತಿಗೆ ನನ್ನ ಗಿಡಗಳು ಬಿಸಿಲಿಗೆ ಸೀದುಹೋದವು. ಮರುವರ್ಷವೂ ಹುಲ್ಲು ಬರಲಿಲ್ಲ, ಬಂದದ್ದು ಪಾರ್ಥೇನಿಯಂ. ಆ ಎರಡು ಬೇಸಿಗೆಯೂ ಅತ್ತೆ ಬೀದಿಯ ನಲ್ಲಿ ತೊಂಬೆಯಿಂದ ಬೆಳಿಗ್ಗೆ ಸಂಜೆ ಕೊಡದಲ್ಲಿ ಹಸುವಿಗೆ ನೀರು ಹೊತ್ತರು. ನೀರನ್ನೇನೋ ಹೊರಬಹುದು, ಹುಲ್ಲನ್ನು ಎಲ್ಲಿಂದ ತರುವುದು? ಕೊನೆಗೆ ಹಸುವನ್ನು ಕುಂದೂರಿನ ಕಡೆ ಅವರ ತಂಗಿಯ ಮನೆಗೆ ಗೂಡ್ಸ್ ಆಟೋದಲ್ಲಿ ಕಳಿಸಿಕೊಟ್ಟೆವು.

"ಕಾಡು ಮಾಡಾಕೋಗಿ ಹಸ ಕಳ್ಕೊಂಡ್ರು ಕಣ್ರೀ" ಎಂದು ಊರವರು ನನಗೆ ಕೇಳುವಂತೆಯೇ ಆಡಿಕೊಂಡರು. ಮೋಡದ ಮೇಲೆ ಸಿಟ್ಟು, ಕಲಿಸಿದ ಮೇಷ್ಟ್ರ ಮೇಲೆ ಸಿಟ್ಟು. ಎಲ್ಲಕ್ಕಿಂತ ಹೆಚ್ಚಾಗಿ ಅತ್ತೆಯ ಮೇಲೆ, ಇಷ್ಟಾದರೂ ನನ್ನನ್ನು ಒಂದು ಮಾತೂ ಬೈಯಲಿಲ್ಲವಲ್ಲ ಎಂದು.

ಹಸುವನ್ನು ಕಳಿಸಿದ ಮರುದಿನ ಬೆಳಿಗ್ಗೆ, ಹೇಗೋ ಬದುಕಿದ್ದ ನಾಲ್ಕು ಸಿಲ್ವರ್ ಗಿಡಗಳನ್ನೂ ಕಿತ್ತು ಬಿಸಾಡೋಣ ಎಂದು ಬೋರೆಗೆ ಹೋದೆ. ಒಂದನ್ನು ಕಿತ್ತೂ ಆಗಿತ್ತು. ಅಷ್ಟರಲ್ಲಿ ಅತ್ತೆ ಕೊಟ್ಟಿಗೆಯ ಕಡೆಯಿಂದ ಏದುಸಿರು ಬಿಡುತ್ತ ಬಂದರು. ಸೊಂಟದಲ್ಲಿ ತುಂಬಿದ ಕೊಡ.

"ಕೀಳ್ಬೇಡ ಕಣವ್ವ" ಎಂದರು. "ಹಸ ಇಲ್ಲ ಅನ್ನೋದೇ ಮರ್ತು ನೀರು ತಂದ್ಬುಟ್ಟೆ. ಚೆಲ್ಲಾಕೆ ಮನಸ್ಸು ಬರಾಕಿಲ್ಲ. ನಿನ್ ಗಿಡುಕ್ಕಾದ್ರೂ ಹುಯ್ಯಿ."

ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಕೊಡ ಇಸಿದುಕೊಂಡು ಹುಯ್ದೆ.