ತಲೆಯ ಮೇಲಿನ ಭಾರ

ಬಿಳಿಗೆರೆಯಲ್ಲಿರುವ ನನ್ನ ಅಕ್ಕನ ಮನೆಯ ಊಟದ ಮಣೆಗೆ ಈಗ ಮೂರೇ ಮೂಲೆ. ನಾಲ್ಕನೆಯದನ್ನು ಹೋದ ಬೇಸಿಗೆಯಲ್ಲಿ ತೆಂಗಿನಕಾಯಿಗಳು ಒಡೆದುಹಾಕಿದವು. ನಮ್ಮ ಕಡೆಯ ಹಳೆಯ ಮನೆಗಳನ್ನು ನೀವು ನೋಡಿದ್ದರೆ ಗೊತ್ತಿರುತ್ತದೆ: ಕೊಬ್ಬರಿಯಾಗಲೆಂದು ಕಾಯಿಗಳನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ರಾಶಿ ಹಾಕಿ, ಅದರ ಕೆಳಗೇ ನಾವು ಉಣ್ಣುತ್ತೇವೆ, ಮಲಗುತ್ತೇವೆ, ತೊಟ್ಟಿಲು ಕಟ್ಟುತ್ತೇವೆ. ಅಂದು ಅಕ್ಕ ನನಗೆ ಉಪ್ಪಿನಕಾಯಿ ತರಲೆಂದು ಮಣೆಯಿಂದ ಎದ್ದು ಅಡುಗೆಮನೆಯ ಹೊಸಿಲು ದಾಟಿದ್ದಳಷ್ಟೇ. ಗೆದ್ದಲು ತಿಂದಿದ್ದ ತೊಲೆ ಮುರಿದು, ಅಟ್ಟದ ಒಂದು ಮಗ್ಗುಲು ಪೂರ್ತಿ ಅವಳ ಮಣೆಯ ಮೇಲೆ ಸುರಿಯಿತು. ಎದುರಿಗೆ ಕೂತಿದ್ದ ನನಗೆ ಒಂದು ತರಚು ಗಾಯವೂ ಇಲ್ಲ. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವಳು ನಾನು, ಬೀಳುವ ವಸ್ತುವಿನ ವೇಗವನ್ನು ಲೆಕ್ಕ ಹಾಕಬಲ್ಲೆ. ಆದರೆ ಆ ರಾಶಿ ಇಂದಿಗೂ ನನ್ನೊಳಗೆ ಬೀಳುತ್ತಲೇ ಇದೆ, ಪ್ರತಿ ಸಲವೂ ಅಕ್ಕ ಏಳುವ ಮೊದಲೇ.

ಆಮೇಲೆ ನಾನಿರುವ ತಿಪಟೂರಿನಿಂದ ಎಷ್ಟು ಸಲ ಹೋದರೂ ಜಗಲಿ ದಾಟಿ ಒಳಗೆ ಕಾಲಿಡಲಾಗಲಿಲ್ಲ. "ಹೊಸ ತೊಲೆ ಹಾಕ್ಸಿದೀನಿ ಕಣೇ. ನೆಂಟ್ರಂಗೆ ಜಗಲಿ ಮೇಲೇ ಕೂತು ಹೋಯ್ತೀಯಲ್ಲ, ನನ್ ಮನೆ ಬ್ಯಾಡ್ವಾಯ್ತಾ?" ಎಂದು ಅಕ್ಕ ಕೇಳಿದಾಗ ಅವಳ ಕಣ್ಣು ತುಂಬಿತ್ತು.

ಇಬ್ಬರೂ ಮೊದಲೇ ಗೊತ್ತುಮಾಡಿಕೊಂಡಿದ್ದ ಪರದೇಶ ಪ್ರವಾಸಕ್ಕೆ ಅವಳೇ ನನ್ನನ್ನು ಎಳೆದುಕೊಂಡು ಹೊರಟಳು. ಇಟಲಿಯ ಒಂದು ಪುಟ್ಟ ಊರಿನ ಚೌಕಕ್ಕೆ ನಾವು ಬಂದಾಗ ಸಂಜೆಯ ಬಿಸಿಲು ಕಲ್ಲುಹಾಸಿನ ಮೇಲೆ ಜೇನಿನಂತೆ ಹರಡಿತ್ತು. ಚೆಂಡಾಡುವ ಮಕ್ಕಳು, ಐಸ್‌ಕ್ರೀಮ್ ನೆಕ್ಕುವ ಮುದುಕರು, ಏನನ್ನೂ ಕೊಳ್ಳದೆ ಮಾರದೆ ಸುಮ್ಮನೆ ಒಬ್ಬರಿಗೊಬ್ಬರು ಕಾಣಿಸಿಕೊಳ್ಳಲೆಂದೇ ಹೊರಬಂದಂತಿದ್ದ ಇಡೀ ಊರು. ಬೆಂಚಿನ ಮೇಲೆ ಕೂರುವ ಮೊದಲು ನಾನು ಅಭ್ಯಾಸಬಲದಿಂದ ಮೇಲೆ ನೋಡಿದೆ. ಅದೇ ಬೆಂಚಿನ ತುದಿಗೆ ಕೂತಿದ್ದ ಆ ಊರಿನ ಅಜ್ಜಿಯೊಬ್ಬರೂ ನೋಡಿದರು. ಅವರನ್ನು ಕಂಡು ಆಚೆ ಬೆಂಚಿನವರೂ ಕತ್ತೆತ್ತಿದರು.

"ಊರಿಗೂರೇ ಆಕಾಶ ನೋಡೋ ಹಂಗೆ ಮಾಡ್ದೆಯಲ್ಲೇ! ಇಲ್ಲಿ ಯಾವ ಅಟ್ಟಾನೂ ಇಲ್ಲ, ಕೂತ್ಕೊಳ್ಳೇ ತಾಯಿ" ಎಂದು ಅಕ್ಕ ನಕ್ಕಳು.

ಅಟ್ಟವಿತ್ತು. ನಮ್ಮ ಬೆನ್ನಿಗೇ ಎದ್ದುನಿಂತ ಗಡಿಯಾರದ ಗೋಪುರದಲ್ಲಿ ಆನೆಮರಿಯಷ್ಟು ದಪ್ಪದ ಕಂಚಿನ ಗಂಟೆ ತೂಗುತ್ತಿತ್ತು. ಅದು ಇದ್ದಕ್ಕಿದ್ದಂತೆ ಮೊಳಗಿತು. ಬೆಂಚು ನಡುಗಿತು, ಪಾರಿವಾಳಗಳು ಭರ್ರನೆ ಎದ್ದವು, ನಾನು ಎರಡೂ ಕೈಗಳಿಂದ ಅಕ್ಕನ ತಲೆಯನ್ನು ಮುಚ್ಚಿದ್ದೆ. ಅಜ್ಜಿಯ ಮುಂದಿದ್ದ ಮಗುವಿನ ತಳ್ಳುಗಾಡಿಯಲ್ಲಿ ಮಲಗಿದ್ದ ಕೂಸು ಮಾತ್ರ ತುಟಿ ಚೀಪುತ್ತ ನಿದ್ದೆಯಲ್ಲೇ ಉಳಿಯಿತು. ಅಜ್ಜಿ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟರು. ಗಂಟೆ ನಿಂತ ಮೇಲೂ ತೆಗೆಯಲಿಲ್ಲ.

ಅಕ್ಕ ನನ್ನ ಕೈಗಳನ್ನು ಮೆಲ್ಲಗೆ ಇಳಿಸಿದಳು. "ಅವತ್ತು ನಾನು ಎದ್ದು ಹೋಗಿದ್ದೆ ಕಣೇ. ನೀನೇ ಇನ್ನೂ ಅಲ್ಲೇ ಕೂತಿದೀಯ."

ಗೆಳೆಯರೇ, ಬೆರಗೆಂದರೆ ಏನೆಂದು ನನಗೆ ತಿಳಿದದ್ದು ಆಗ. ಅಷ್ಟು ಭಾರವನ್ನು ನೆತ್ತಿಯ ಮೇಲೆ ತೂಗುಬಿಟ್ಟುಕೊಂಡು, ಅದರ ಕಂಬಿ ಬಿಗಿದ ಕೈ ಯಾರದೆಂದು ಕೂಡ ಕೇಳದೆ, ಒಂದು ಊರು ಕೂಸನ್ನು ಮಲಗಿಸುತ್ತದೆ. ಅವರು ಕತ್ತೆತ್ತುವುದು ಹೊತ್ತು ಎಷ್ಟಾಯಿತೆಂದು ತಿಳಿಯಲು ಮಾತ್ರ. ನಮ್ಮ ಅಜ್ಜಿ ಮುತ್ತಜ್ಜಿಯರೂ ಅಟ್ಟದ ಕೆಳಗೆ ಹೀಗೆಯೇ ಮಲಗಿರಲಿಲ್ಲವೇ? ನಿರ್ಭಯವೆಂದರೆ ಮೇಲೇನೂ ಇಲ್ಲದಿರುವುದಲ್ಲ, ಪಕ್ಕದಲ್ಲಿ ಯಾರೋ ಇರುವುದು ಎನ್ನಿಸಿತು. ದೀಪ ಹತ್ತುವವರೆಗೂ ಕೂತಿದ್ದೆವು.

ಊರಿಗೆ ಮರಳಿದ ಮೇಲೆ ಬಿಳಿಗೆರೆಗೆ ಹೋದೆ. ಜಗಲಿ ದಾಟಿದೆ. ಮೂರು ಮೂಲೆಯ ಮಣೆಯನ್ನು ನಾನೇ ಎಳೆದುಕೊಂಡು ಕೂತೆ. ಅಕ್ಕ ರೊಟ್ಟಿ ಬಡಿಸಿ, ಎದುರಿಗೆ ಕೂತಳು. ಅಟ್ಟದ ಮೇಲೆ ಬೆಕ್ಕು ಓಡಿತೇನೋ, ಕಾಯಿಗಳು ಗುಡುಗುಡು ಎಂದವು. ರೊಟ್ಟಿ ಮುರಿಯುತ್ತಿದ್ದ ನನ್ನ ಕೈ ನಿಂತಿತು. ಆಮೇಲೆ, ರೊಟ್ಟಿ ಮುರಿದೆ.