ಪೇಟಿ ಮಾಸ್ತರರ ಕೊನೆಯ ಸಾಲು

ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ. ಕಥೆ ಕಟ್ಟುವಷ್ಟು ಚೈತನ್ಯ ಆ ದಿನಗಳಲ್ಲಿ ನನಗೆ ಇರಲೂ ಇಲ್ಲ. ಅಪ್ಪ ತೀರಿಕೊಂಡು ತಿಂಗಳೂ ಆಗಿರಲಿಲ್ಲ, ನನಗಿನ್ನೂ ಒಂದು ಹನಿ ಕಣ್ಣೀರು ಬಂದಿರಲಿಲ್ಲ. ಊಟ ಮಾಡುತ್ತಿದ್ದೆ, ಆಫೀಸಿನ ಮೀಟಿಂಗಿಗೆ ಕೂರುತ್ತಿದ್ದೆ. ಸಮಾಧಾನ ಹೇಳಲು ಬಂದ ಆಂಟಿಯರಿಗೆ ನಾನೇ ಸಮಾಧಾನ ಹೇಳಿ ಕಳಿಸುತ್ತಿದ್ದೆ. ಒಳಗೆಲ್ಲ ಮರಗಟ್ಟಿ ಹೋಗಿತ್ತು.

ಅಪ್ಪ ಬೆಳಗಾವಿಯವರು. ಮನೆಯಲ್ಲಿ ಕನ್ನಡ, ಹೊಟ್ಟೆಪಾಡಿಗೆ ಮರಾಠಿ ಸಂಗೀತ ನಾಟಕ. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಅನ್ನುತ್ತಾರೆ, ಹಾಗಾಗಿ ಊರಿಗೆಲ್ಲ ಅವರು ಪೇಟಿ ಮಾಸ್ತರು. ನಾಟಕ ಕಂಪನಿಗಳ ಲಾರಿಯಲ್ಲಿ ಊರೂರು ಅಲೆದು, ಗಡ್ಡ ಹೆರೆಯುತ್ತಲೇ ಹಾಡುಗಳಿಗೆ ಧಾಟಿ ಕಟ್ಟಿದ ಮನುಷ್ಯ. ಅವರದೊಂದು ಚಟವಿತ್ತು. ನಾಟಕದ ಕೊನೆಯ ಹಾಡಿನ ಕೊನೆಯ ಸಾಲಿನ ಧಾಟಿಯನ್ನು ಆಟದ ದಿನದವರೆಗೂ ಯಾರಿಗೂ ಹೇಳುತ್ತಿರಲಿಲ್ಲ. "ಮೊದಲ ಹೇಳಿದ್ರ ಹಳಸ್ತದ" ಅನ್ನುತ್ತಿದ್ದರು.

ಒಮ್ಮೆ ಆಟದ ನಡುವೆ ಕರೆಂಟು ಹೋಗಿ, ಪರದೆಯ ಹಿಂದೆ ನಾಯಕಿ ತಲೆಸುತ್ತಿ ಬಿದ್ದಳಂತೆ. ಅವಳಿಗೆ ನೀರು ಚಿಮುಕಿಸಿ ಎಬ್ಬಿಸುವ ತನಕ ಅಪ್ಪ ಕತ್ತಲಲ್ಲಿ ಒಂದೇ ಸುರ ಹಿಡಿದುಕೊಂಡು ಕೂತಿದ್ದರಂತೆ. ಅದೂ ನಾಟಕವೇ ಅಂದುಕೊಂಡು ಜನ ಚಪ್ಪಾಳೆ ತಟ್ಟಿದರಂತೆ! "ನೋಡವಾ, ನಟರು ಬಂದು ಸುರ ಹಿಡಿಯೂತನಕ ಪೇಟಿಯವ ಬಿಡಬಾರದು" ಅಂತ ನನಗೆ ಎಷ್ಟು ಸಲ ಹೇಳಿದ್ದಾರೋ.

ಅಮ್ಮ ಹೋದ ಮೇಲೆ ಅವರು ಅಮೆರಿಕಕ್ಕೆ, ಸೈಪ್ರೆಸ್ ಅನ್ನುವ ಊರಿನ ನಮ್ಮ ಮನೆಗೆ ಬಂದರು. ಇಲ್ಲಿ ಲಕ್ವ ಹೊಡೆದು ಎಡಗೈ ಬಿದ್ದುಹೋಯಿತು. ಎಡಗೈ ಇಲ್ಲದಿದ್ದರೆ ಪೇಟಿಗೆ ಗಾಳಿ ತುಂಬುವವರು ಯಾರು? ಅಂದಿನಿಂದ ನಾನು ಎದುರಿಗೆ ಕೂತು ತಿದಿ ಒತ್ತುತ್ತಿದ್ದೆ, ಅವರು ಬಲಗೈಯಲ್ಲಿ ನುಡಿಸುತ್ತಿದ್ದರು. "ಟೂ ಪ್ಲೇಯರ್ ಗೇಮ್" ಅಂತ ನನ್ನ ಮಗಳು ನಗುತ್ತಿದ್ದಳು.

ಡಾಲಸ್‌ನ ಮರಾಠಿ ಗೆಳೆಯರು ಆಡಲಿದ್ದ ನಾಟಕಕ್ಕೆ ಅಪ್ಪ ಹೀಗೇ ಎಲ್ಲ ಹಾಡು ಕಟ್ಟಿಕೊಟ್ಟರು, ಕೊನೆಯ ಹಾಡಿನ ಕೊನೆಯ ಸಾಲೊಂದನ್ನು ಬಿಟ್ಟು. ಅಷ್ಟರಲ್ಲಿ ಹೋಗಿಯೇಬಿಟ್ಟರು. ಅವರ ಕಟ್ಟಕಡೆಯ ಹಾಡಿಗೆ ಇನ್ಯಾರದೋ ತೇಪೆ ಹಾಕಬೇಕಲ್ಲ... ಮರಗಟ್ಟಿದ ಮನಸ್ಸಿನಲ್ಲೂ ಅದೊಂದು ಮಾತ್ರ ಚುಚ್ಚುತ್ತಿತ್ತು.

ಆಟದ ಹಿಂದಿನ ರಾತ್ರಿ. ಅಪ್ಪ ನನಗೂ ಅಷ್ಟಿಷ್ಟು ಕಲಿಸಿದ್ದರಿಂದ ಈಗ ಪೇಟಿಗೆ ನಾನೇ ಕೂರಬೇಕಿತ್ತು. ಪೇಟಿಯನ್ನು ಹಿಂದಿನ ಸೀಟಿನಲ್ಲಿಟ್ಟು, ಬೆಲ್ಟ್ ಹಾಕಿ, ಡ್ರೈವ್ ಮಾಡಿಕೊಂಡು ಡಾಲಸ್ ಪಕ್ಕದ ಕ್ಯಾರಲ್ಟನ್‌ಗೆ ಬಂದೆ. ನಾಯಕಿಯ ಪಾತ್ರದ ಸುನಂದಾಳ ಮನೆಯ ಗ್ಯಾರೇಜಿನಲ್ಲಿ ಪ್ರಾಕ್ಟೀಸು. ಅವಳೂ ಬೆಳಗಾವಿಯವಳೇ, ನನಗಿಂತ ಚಿಕ್ಕವಳು. ಗಂಡ ಕೆಲಸದ ಮೇಲೆ ಆಸ್ಟಿನ್‌ಗೆ ಹೋಗಿದ್ದ. ಮನೆಯಲ್ಲಿ ನಾವಿಬ್ಬರೇ.

"ಅಕ್ಕಾ, ಕಡೀ ಸಾಲು ಹ್ಯಾಂಗ್ರಿ?"

"ಗೊತ್ತಿಲ್ಲವಾ. ಏನರೆ ಒಂದು ಹಾಡಿಬಿಡು."

ಏನೇನೋ ಹಾಡಿ ನೋಡಿದೆವು. ಒಂದೂ ಕೂಡಲಿಲ್ಲ. "ಮಾಸ್ತರ್ದು ಅನಸಂಗಿಲ್ರಿ" ಅಂದಳು. ಚಹಾ ಕುಡಿದೆವು. ಆ ಸಾಲಿಗೆ ನಾಯಕಿ ಒಳಗಿನಿಂದ ಹಾಡುತ್ತಾ ರಂಗಕ್ಕೆ ಬರಬೇಕು.

"ಒಮ್ಮೆ ಎಂಟ್ರಿ ಸಮೇತ ಮಾಡೋಣ್ರಿ. ನಾ ಅಡಗಿಮನಿ ಬಾಗಲದಿಂದ ಬರ್ತೀನಿ, ನೀವು ಸುರ ಹಿಡೀರಿ."

ಫೋನಿನಲ್ಲಿ ರೆಕಾರ್ಡಿಂಗ್ ಆನ್ ಮಾಡಿ, ಅದನ್ನು ರಟ್ಟಿನ ಡಬ್ಬದ ಮೇಲಿಟ್ಟು ಒಳಗೆ ಹೋದಳು. ನಾನು ಕೂತು ಕಣ್ಣು ಮುಚ್ಚಿ ತಿದಿ ಒತ್ತಿದೆ. ಸುರ ಎದ್ದಿತು... ಗ್ಯಾರೇಜು ತುಂಬಿತು. ಸುನಂದಾ ಬರಲಿಲ್ಲ. ಒಳಗೆ ಯಾರೊಂದಿಗೋ ಮಾತಾಡುವುದು ಸಣ್ಣಗೆ ಕೇಳುತ್ತಿತ್ತು, ಮನೆಯ ಲ್ಯಾಂಡ್‌ಲೈನಿಗೆ ಗಂಡನ ಫೋನು ಬಂದಿತ್ತಂತೆ. ಬರುವ ತನಕ ಬಿಡುವ ಹಾಗಿಲ್ಲವಲ್ಲ. ಒತ್ತುತ್ತಲೇ ಇದ್ದೆ.

ಆಗ ಲವಂಗದ ವಾಸನೆ ಬಂತು. ಅಪ್ಪನ ದವಡೆಯಲ್ಲಿ ಯಾವಾಗಲೂ ಒಂದು ಲವಂಗ ಇರುತ್ತಿತ್ತು.

ಸುರ ಮೆಲ್ಲಗೆ ಕದಲಿತು. ಒಂದು ಧಾಟಿ ಮೇಲಕ್ಕೆ ಹತ್ತಿ, ನಾವು ಯೋಚಿಸಿಯೇ ಇರದ ಒಂದು ಕಡೆ ನಿಂತು, ಹಗುರವಾಗಿ ಇಳಿದು ಮನೆಗೆ ಬಂತು. ನಾನು ಕೇಳುತ್ತಾ ಕೂತಿದ್ದೆ. ಇದೇ ಅಲ್ಲವೇ ಸಾಲು, ಅಂದುಕೊಂಡೆ. ಆಶ್ಚರ್ಯವೂ ಆಗಲಿಲ್ಲ.

ಅದನ್ನೇ ಹಾಡುತ್ತಾ ಸುನಂದಾ ಬಾಗಿಲಲ್ಲಿ ಕಾಣಿಸಿಕೊಂಡಳು. ಸಾಲು ಮುಗಿಸಿದಳು. ಅಲ್ಲೇ ನಿಂತುಬಿಟ್ಟಳು.

"ಅಕ್ಕಾ..." ಪಿಸುಗುಟ್ಟಿದಳು. "ನೀವು ಯಾ ಕಡೆ ಕುಂತೀರಿ?"

ಕಣ್ಣು ಬಿಟ್ಟು ನೋಡಿಕೊಂಡೆ. ರೂಢಿಯ ಬಲದಿಂದ ನಾನು ನನ್ನ ಹಳೆಯ ಜಾಗದಲ್ಲೇ ಕೂತಿದ್ದೆ, ತಿದಿಯ ಕಡೆ. ಎರಡೂ ಕೈ ತಿದಿಯ ಮೇಲಿದ್ದವು. ಪೇಟಿಯ ಬೆರಳಾಡಿಸುವ ಮನೆಗಳು ಆಚೆ ಬದಿಗೆ, ಖಾಲಿ ಜಮಖಾನೆಯ ಕಡೆಗೆ ಮುಖ ಮಾಡಿದ್ದವು.

ಗಡಬಡಿಸಿ ಎದ್ದೆ. ಕಾಲು ತಾಗಿ ಚಹಾದ ಲೋಟ ಉರುಳಿತು. ಇಬ್ಬರೂ ಅಡುಗೆಮನೆಗೆ ಓಡಿ ಬಾಗಿಲು ಹಾಕಿಕೊಂಡೆವು. ಬೆಳಗಾಗುವ ತನಕ ಯಾರೂ ಗ್ಯಾರೇಜಿನ ಕಡೆ ಹೋಗಲಿಲ್ಲ.

ಮರುದಿನ ಸುನಂದಾ ಆ ಸಾಲನ್ನೇ ಹಾಡಿದಳು. "ಮಾಸ್ತರ್ ಕೈ ಗೊತ್ತಾಗ್ತದ" ಅಂದರು ಎಲ್ಲರೂ. ನಾನು ಸರಿಯಾದ ಕಡೆ ಕೂತು ನುಡಿಸಿದೆ.

ಮನೆಗೆ ಬಂದ ಮೇಲೆ ಸುನಂದಾ ರೆಕಾರ್ಡಿಂಗ್ ಕಳಿಸಿದಳು. ಹೊರಗೆ ಹೋಗಿ ಕಾರಿನಲ್ಲಿ ಒಬ್ಬಳೇ ಕೂತು ಕೇಳಿದೆ. ಅದರಲ್ಲಿ ಪೇಟಿಯ ಸ್ವರವೇ ಇಲ್ಲ. ತಿದಿಯ ಉಸಿರು ಮಾತ್ರ... ಹುಸ್... ಹುಸ್... ಆಮೇಲೆ ಅವಳ ಹಾಡು, ಅವಳ ಪಿಸುಮಾತು. ಲೋಟ ಉರುಳಿದ್ದು, ನಾವು ಓಡಿದ್ದು, ಬಾಗಿಲು ಬಡಿದದ್ದು, ಎಲ್ಲ ಇದೆ.

ಅದಾದ ಮೇಲೂ, ಆ ಖಾಲಿ ಗ್ಯಾರೇಜಿನಲ್ಲಿ ತಿದಿ ನಡೆಯುತ್ತಲೇ ಇದೆ. ಹುಸ್... ಹುಸ್... ಫೋನಿನ ಬ್ಯಾಟರಿ ಮುಗಿಯುವ ತನಕ.

ಅವತ್ತು ಮೊದಲ ಸಲ ಅತ್ತುಬಿಟ್ಟೆ. ದುಃಖಕ್ಕೋ ಹೆದರಿಕೆಗೋ ನನಗೆ ಇವತ್ತಿಗೂ ತಿಳಿದಿಲ್ಲ. ನಟರು ಬರುವ ತನಕ ಬಿಡಬಾರದು ಅನ್ನುತ್ತಿದ್ದರು ಅಪ್ಪ. ಸುನಂದಾ ಬಂದಿದ್ದಳಲ್ಲ... ಹಾಗಾದರೆ ಇನ್ಯಾರು ಬರಬೇಕಿತ್ತು?

ಪೇಟಿ ಈಗ ನಮ್ಮ ಮನೆಯಲ್ಲೇ ಇದೆ. ತಿದಿ ತೆರೆಯದಂತೆ ಅದರ ಕೊಕ್ಕೆ ಹಾಕಿಯೇ ಮಲಗುತ್ತೇನೆ. ಬೆಳಗ್ಗೆ ಎದ್ದವಳೇ ಮೊದಲು ನೋಡುವುದು ಆ ಕೊಕ್ಕೆಯನ್ನು.